ಎರಡು ವಾರ ದಾಟಿದ ಹುಣ್ಣು

ತುಟಿ, ಕೆನ್ನೆಯ ಒಳಮೈ, ಒಸಡು, ನಾಲಿಗೆಯ ಮುಂಭಾಗ, ನಾಲಿಗೆಯಡಿಯ ತಳ, ಗಟ್ಟಿ ಅಂಗುಳ, ಇವುಗಳನ್ನು ಹೊದ್ದಿರುವ ತೆಳುವಾದ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರನ್ನು ಬಾಯಿ ಕ್ಯಾನ್ಸರ್ ಎನ್ನುತ್ತಾರೆ. ಶ್ವಾಸಕೋಶದ್ದೋ ಹೊಟ್ಟೆಯದೋ ಕ್ಯಾನ್ಸರ್ ಆದರೆ ಪತ್ತೆ ಹಚ್ಚಲು ದೊಡ್ಡ ಯಂತ್ರಗಳು ಬೇಕು. ಇದು ಹಾಗಲ್ಲ, ಬಾಯಿ ತೆರೆದು ಬೆಳಕು ಹಿಡಿದರೆ ಕಣ್ಣಿಗೇ ಕಾಣುತ್ತದೆ. ಆದರೂ ನಮ್ಮಲ್ಲಿ ಬಹುಪಾಲು ರೋಗಿಗಳು ವೈದ್ಯರ ಮುಂದೆ ಕೂರುವುದು ಗಡ್ಡೆ ಬೆಳೆದು, ಕುತ್ತಿಗೆಗೆ ಇಳಿದ ಮೇಲೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರಿನ ಸುಮಾರು 1.43 ಲಕ್ಷ ಹೊಸ ಪ್ರಕರಣಗಳಿದ್ದವು, ಅದೇ ವರ್ಷ ಹತ್ತಿರ ಹತ್ತಿರ 80 ಸಾವಿರ ಜನ ಇದರಿಂದ ಸತ್ತರು. ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬೀದರ್ ಜಿಲ್ಲೆಯ ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣ ಮೂರೂ ಊರುಗಳು ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಹತ್ತಿರ ಇರುವಂಥವು. ಹೀಗಾಗಿ ಎರಡೂ ಕಡೆಯ ಚಟಗಳು ಇಲ್ಲಿ ಬಂದು ಸೇರಿವೆ. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ತುಟಿಯ ಸಂದಿಗೆ ಇಡುವವರಿದ್ದಾರೆ, ಎಲೆ ಅಡಿಕೆಗೆ ಜರ್ದಾ ಹಾಕಿಸುವವರಿದ್ದಾರೆ, ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲಿಗೆ ಹಚ್ಚಿಕೊಂಡು ಮುಂಜಾನೆಯ ಕೆಲಸಕ್ಕೆ ತೊಡಗುವ ಹೆಂಗಸರಿದ್ದಾರೆ. ಹಲ್ಲುಪುಡಿ ಎಂದುಕೊಂಡೇ ಮಿಶ್ರಿ ಬಳಸುವವರಿಗೆ ತಾವು ತಂಬಾಕು ಸೇವಿಸುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ. ತಂಬಾಕು ತಿನ್ನುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಸುಳ್ಳು ಹೇಳಬೇಕೆಂದು ಹಾಗೆನ್ನುವುದಲ್ಲ. ಮಿಶ್ರಿ ಹಚ್ಚುತ್ತೀರಾ ಎಂದೇ ಕೇಳಬೇಕು.

2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರ ಪೈಕಿ ಶೇ 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8 ಇದ್ದರೆ, ಅಗಿಯುವ, ಹಚ್ಚುವ, ಮೂಸುವ ಹೊಗೆರಹಿತ ತಂಬಾಕು ಬಳಸುವವರು ಶೇ 16.3. ರಾಜ್ಯ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಖಾ ನಿಷೇಧಿಸಿತು. ತಂಬಾಕು ಬೆರೆಸಿದ ಪ್ಯಾಕೆಟ್ ಮಾರುವಂತಿಲ್ಲ ಎಂದಾದಾಗ ಪಾನ್ ಮಸಾಲಾ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ಬಂತು, ಅಷ್ಟೇ ವ್ಯತ್ಯಾಸ.

ತಂಬಾಕಿಲ್ಲದ ಅಡಿಕೆ ನಿರಪಾಯ ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ತಪ್ಪು. ಮೇಲೆ ಹೇಳಿದ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ಮಾತು ಹಿತವಾಗಿ ಕೇಳಿಸುವುದಿಲ್ಲ, ಆದರೆ ಬಾಯಿಯೊಳಗೆ ಆಗುವುದು ಅದೇ. ತಂಬಾಕಿನ ಜೊತೆ ಸಾರಾಯಿಯೂ ಸೇರಿದರೆ ಅಪಾಯ ಒಂದಕ್ಕೊಂದು ಕೂಡಿದಷ್ಟೇ ಆಗುವುದಿಲ್ಲ, ಹಲವು ಪಟ್ಟು ಏರುತ್ತದೆ. ಯಾವ ಚಟವೂ ಇಲ್ಲದವರಿಗೂ, ಅಪರೂಪಕ್ಕೆ, ಈ ಕಾಯಿಲೆ ಬರುವುದುಂಟು. ಆದ್ದರಿಂದ ‘ನನಗೆ ಚಟ ಇಲ್ಲ’ ಎಂಬುದು ವಾಸಿಯಾಗದ ಹುಣ್ಣನ್ನು ಕಡೆಗಣಿಸಲು ಕಾರಣವಾಗಬಾರದು.

ತಂಬಾಕನ್ನು ಯಾವ ಜಾಗದಲ್ಲಿ ಇಟ್ಟುಕೊಳ್ಳುತ್ತಾರೋ ಕಾಯಿಲೆ ಬಹುಮಟ್ಟಿಗೆ ಅಲ್ಲೇ ಶುರುವಾಗುತ್ತದೆ. ಕೆಳದವಡೆಯ ಒಸಡಿಗೂ ಕೆನ್ನೆಗೂ ನಡುವೆ ಒಂದು ಸಣ್ಣ ಕಾಲುವೆಯಂಥ ಸಂದಿ ಇದೆ. ಅಗಿದ ಉಂಡೆಯನ್ನು ಹತ್ತಾರು ನಿಮಿಷ, ಕೆಲವರು ರಾತ್ರಿಯಿಡೀ, ಇಟ್ಟುಕೊಳ್ಳುವುದು ಇಲ್ಲಿ. ಪಾಶ್ಚಾತ್ಯ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಎಂದರೆ ಹೆಚ್ಚಾಗಿ ನಾಲಿಗೆ ಮತ್ತು ನಾಲಿಗೆಯಡಿಯದು. ಭಾರತದಲ್ಲಿ ಈ ಸಂದಿ, ಒಸಡು ಮತ್ತು ಕೆನ್ನೆಯ ಒಳಮೈ ಮುಂದೆ ನಿಲ್ಲುತ್ತವೆ. ನಾಲಿಗೆಯಲ್ಲಾದರೆ ತುದಿ ಮತ್ತು ಮೇಲ್ಮೈಗಿಂತ ಎರಡೂ ಬದಿಯ ಅಂಚುಗಳಲ್ಲಿ, ಅದರಲ್ಲೂ ಹಿಂಬದಿಯ ಕಡೆ, ಕಾಣಿಸಿಕೊಳ್ಳುವುದು ಹೆಚ್ಚು. ಎಡಗಡೆ ತಂಬಾಕು ಇಡುವವರು ಎಡಗೆನ್ನೆಯನ್ನು ಎರಡು ಸಲ ನೋಡಿಕೊಳ್ಳಬೇಕು.

ಬಾಯಲ್ಲಿ ಹುಣ್ಣು ಏಳದ ಮನುಷ್ಯನಿಲ್ಲ. ಕೆನ್ನೆ ಕಚ್ಚಿಕೊಂಡು, ಬಿಸಿ ಚಹಾ ತಾಗಿ, ನಿದ್ದೆಗೆಟ್ಟು ಬರುವ ಮಾಮೂಲಿ ಹುಣ್ಣಿಗೆ ತನ್ನದೇ ಆದ ನಡತೆ ಇದೆ. ಮೊದಲ ದಿನದಿಂದಲೇ ಉರಿಯುತ್ತದೆ, ಸುತ್ತ ಕೆಂಪು ಉಂಗುರ, ನಡುವೆ ಹಳದಿ ಬಿಳುಪು, ಮುಟ್ಟಿದರೆ ಮೆತ್ತಗೆ. ಏಳರಿಂದ ಹತ್ತು ದಿನದೊಳಗೆ, ಹೆಚ್ಚೆಂದರೆ ಎರಡು ವಾರದೊಳಗೆ, ಮಾಯುತ್ತದೆ. ಕ್ಯಾನ್ಸರ್ ಹುಣ್ಣು ಇದಕ್ಕೆ ಎದುರು. ಆರಂಭದಲ್ಲಿ ನೋವೇ ಇರುವುದಿಲ್ಲ ಅಥವಾ ಇದ್ದೂ ಇಲ್ಲದಂತೆ ಇರುತ್ತದೆ. ಅಂಚು ಎದ್ದು ಸುತ್ತಿಕೊಂಡಂತೆ, ತಳ ಗಟ್ಟಿ, ತಾಗಿದರೆ ರಕ್ತ ಒಸರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಮಾಯುವುದಿಲ್ಲ.

ಜನ ತಪ್ಪುವುದು ಇಲ್ಲೇ. ನೋವಾದರೆ ದವಾಖಾನೆಗೆ ಹೋಗುವುದು, ನೋವಿಲ್ಲದಿದ್ದರೆ ಬಿಡುವುದು ಎಲ್ಲರ ರೂಢಿ. ಬೇರೆ ಬಹಳಷ್ಟು ಕಾಯಿಲೆಗಳಿಗೆ ಆ ಲೆಕ್ಕ ನಡೆಯುತ್ತದೆ, ಬಾಯಿ ಕ್ಯಾನ್ಸರಿಗೆ ನಡೆಯುವುದಿಲ್ಲ. ನೋವು ಬರುವಷ್ಟರಲ್ಲಿ ಗಡ್ಡೆ ನರಕ್ಕೋ ಎಲುಬಿಗೋ ತಾಗಿರುತ್ತದೆ. ಆದ್ದರಿಂದ ವೈದ್ಯರು ನೋವನ್ನು ಬಿಟ್ಟು ದಿನ ಎಣಿಸಲು ಹೇಳುತ್ತಾರೆ: ಎರಡು ವಾರ ಕಳೆದರೂ ಮಾಯದ ಬಾಯಿ ಹುಣ್ಣನ್ನು, ಅದು ಎಷ್ಟೇ ಚಿಕ್ಕದಿರಲಿ, ವೈದ್ಯರಿಗೆ ತೋರಿಸಲೇಬೇಕು. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದು.

ಹುಣ್ಣಿಗಿಂತ ಮೊದಲೇ ಬರುವ ಗುರುತುಗಳೂ ಇವೆ. ಕೆನ್ನೆಯ ಒಳಗೆ ಅಥವಾ ನಾಲಿಗೆಯ ಅಂಚಿನಲ್ಲಿ ಬಿಳಿ ಮಚ್ಚೆ ಏಳುತ್ತದೆ. ಬಟ್ಟೆಯಿಂದ ಒರೆಸಿದರೆ ಹೋಗುವ ಬಿಳುಪು ಸಾಮಾನ್ಯವಾಗಿ ಬೂಷ್ಟಿನ ಸೋಂಕು. ಒರೆಸಿದರೂ ಹೋಗದೆ ಅಂಟಿಕೊಂಡಿರುವ, ಕೆಲವೊಮ್ಮೆ ದಪ್ಪಗೆ ಬಿರುಕು ಬಿಟ್ಟಂತೆ ಕಾಣುವ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎಂದು ಹೆಸರು. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ. ಚಟ ಬಿಟ್ಟರೆ ಕೆಲವು ತಾವಾಗಿಯೇ ಕರಗುತ್ತವೆ. ಆದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬರಿಗಣ್ಣಿನಿಂದ ಹೇಳಲು ಬರುವುದಿಲ್ಲ. ಕೆಂಪು ಮಚ್ಚೆಯ ಮಾತು ಬೇರೆ. ಮಖಮಲ್ಲಿನಂತೆ ನುಣುಪಾದ, ಅಚ್ಚ ಕೆಂಪು ಬಣ್ಣದ ಈ ಮಚ್ಚೆ ಅಪರೂಪ, ಆದರೆ ಬಿಳಿಯದಕ್ಕಿಂತ ಬಹಳ ಅಪಾಯಕಾರಿ. ಚೂರು ತೆಗೆದು ಪರೀಕ್ಷಿಸಿದಾಗ ಬಹುಪಾಲು ಕೆಂಪು ಮಚ್ಚೆಗಳಲ್ಲಿ ಜೀವಕೋಶಗಳು ಆಗಲೇ ಕೆಟ್ಟಿರುವುದು ಕಾಣುತ್ತದೆ. ಬಿಳುಪಿನ ನಡುವೆ ಕೆಂಪು ಚುಕ್ಕೆ ಬೆರೆತಿದ್ದರೂ ತಡಮಾಡಬಾರದು.

ಪಾನ್ ಮಸಾಲಾ ಹರಡಿದ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗರಲ್ಲೂ ಕಾಣತೊಡಗಿರುವ ಇನ್ನೊಂದು ಸ್ಥಿತಿ ಇದೆ. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಈ ಸೀಮೆಯ ಮಟ್ಟಿಗೆ ಇದನ್ನು ತುಸು ವಿವರವಾಗಿ ತಿಳಿಯುವುದು ಅಗತ್ಯ. 1952ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಇದನ್ನು ಗುರುತಿಸಿ ಬರೆದರು. ಮರುವರ್ಷ ಮುಂಬಯಿಯಲ್ಲಿ ಎಸ್.ಜಿ. ಜೋಶಿ ವಿವರಿಸಿದರು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ವಸ್ತು ಪೊರೆಯ ಕೆಳಗೆ ನಾರಿನ ಅಂಶವನ್ನು ಹೆಚ್ಚಿಸುತ್ತದೆ. ಮೆತ್ತಗಿದ್ದ ಕೆನ್ನೆ ನಿಧಾನಕ್ಕೆ ಒಳಗಿನಿಂದ ಬಿಗಿಯುತ್ತದೆ.

ಮೊದಲು ಗೊತ್ತಾಗುವುದು ಊಟದಲ್ಲಿ. ಹಸಿಮೆಣಸಿನಕಾಯಿ ಖಾರ ಹಚ್ಚಿಕೊಂಡು ಎರಡು ರೊಟ್ಟಿ ಉಣ್ಣುತ್ತಿದ್ದವನಿಗೆ ಖಾರ ನಡೆಯದಂತಾಗುತ್ತದೆ, ಮಿರ್ಚಿ ಭಜಿ ಬಾಯಿಗಿಟ್ಟರೆ ಕೆಂಡ ಇಟ್ಟಂತೆ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಮೈ ತನ್ನ ಗುಲಾಬಿ ಬಣ್ಣ ಕಳೆದುಕೊಂಡು ಅಮೃತಶಿಲೆಯಂತೆ ಬಿಳಿಚುತ್ತದೆ. ಬೆರಳಿನಿಂದ ಸವರಿದರೆ ಒಳಗೆ ದಾರ ಎಳೆದಂತೆ ಗಟ್ಟಿ ಪಟ್ಟಿಗಳು ಸಿಗುತ್ತವೆ. ಬರಬರುತ್ತ ಬಾಯಿ ಪೂರ್ತಿ ತೆರೆಯುವುದಿಲ್ಲ. ಪಾನಿಪುರಿ ಇಡಿಯಾಗಿ ಹೋಗುವುದಿಲ್ಲ, ಸೀಟಿ ಹೊಡೆಯಲು, ಬಲೂನು ಊದಲು ಆಗುವುದಿಲ್ಲ, ನಾಲಿಗೆ ಹೊರಚಾಚಲು ಕಷ್ಟ. ಕೊನೆಗೆ ಹಲ್ಲುಜ್ಜುವ ಬ್ರಶ್ ಒಳಗೆ ಹೋಗುವುದೇ ಕಷ್ಟವಾಗುತ್ತದೆ.

ಅಳೆಯುವುದು ಸುಲಭ. ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ ಒಂದರ ಮೇಲೊಂದು ನಿಲ್ಲುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡುವುದು. ಸಾಮಾನ್ಯ ವಯಸ್ಕರಿಗೆ ತಮ್ಮದೇ ಮೂರು ಬೆರಳು ಹಿಡಿಸಬೇಕು. ಎರಡೇ ಹಿಡಿಸಿದರೆ ಪರೀಕ್ಷೆಗೆ ಹೋಗಬೇಕು. ಹೀಗೆ ಬಿಗಿದ ಬಾಯಿ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ವ್ಯಾಯಾಮ, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಯಿಂದ ಸ್ವಲ್ಪ ಸಡಿಲಿಸಬಹುದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಶೇ 7.6ರಷ್ಟು ಮಂದಿಗೆ ಕ್ಯಾನ್ಸರ್ ಬಂತು. ನೂರರಲ್ಲಿ ಏಳೆಂಟು ಎಂಬುದು ಕಡಿಮೆ ಎನಿಸಬಹುದು. ಹದಿನೆಂಟಕ್ಕೆ ಪ್ಯಾಕೆಟ್ ಹರಿಯಲು ಶುರುಮಾಡಿದವನಿಗೆ ನಲವತ್ತರೊಳಗೇ ಆ ಪಾಳಿ ಬರಬಹುದು ಎಂಬುದನ್ನು ಜೊತೆಗಿಟ್ಟು ನೋಡಬೇಕು.

ಬೇರೆ ಕಾಯಿಲೆಯ ವೇಷದಲ್ಲಿ ಬರುವ ಲಕ್ಷಣಗಳೂ ಕೆಲವಿವೆ. ಹುಳುಕಿಲ್ಲದ, ಒಸಡಿನ ರೋಗವೂ ಇಲ್ಲದ ಹಲ್ಲು ಒಂದೇ ಕಡೆ ಅಲುಗಾಡತೊಡಗುವುದು. ಹಲ್ಲು ಕೀಳಿಸಿದ ಗುಳಿ ವಾರಗಟ್ಟಲೆ ಮಾಯದೆ ಅಲ್ಲಿಂದ ಮಾಂಸ ಬೆಳೆದು ಬರುವುದು. ವರ್ಷಗಳಿಂದ ಸರಿಯಾಗಿ ಕೂರುತ್ತಿದ್ದ ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದಕ್ಕಿದ್ದಂತೆ ಕೂರದಾಗುವುದು. ಕೆಳತುಟಿ ಅಥವಾ ಗದ್ದ ಮರಗಟ್ಟುವುದು. ಕಿವಿ ಚೆನ್ನಾಗಿದ್ದೂ ಒಂದೇ ಕಿವಿ ನೋಯುವುದು; ನಾಲಿಗೆ, ಗಂಟಲು, ಕಿವಿಗಳ ನರಗಳು ಒಂದೇ ಬೇರಿನವಾದ್ದರಿಂದ ನಾಲಿಗೆಯ ಹಿಂಭಾಗದ ಗಡ್ಡೆ ಕಿವಿಯಲ್ಲಿ ನೋವಾಗಿ ಕೇಳಿಸುತ್ತದೆ. ದವಡೆಯ ಕೆಳಗೆ, ಕುತ್ತಿಗೆಯಲ್ಲಿ, ನೋವಿಲ್ಲದ ಗಂಟು ಎದ್ದು ಕರಗದಿರುವುದು. ಧ್ವನಿ ಬದಲಾಗುವುದು, ನುಂಗುವಾಗ ಏನೋ ಅಡ್ಡ ನಿಂತಂತಾಗುವುದು. ಕುತ್ತಿಗೆಯ ಗಂಟು ಬಂದಿದ್ದರೆ ಅದನ್ನು ಆರಂಭದ ಸೂಚನೆ ಎನ್ನಲಾಗದು, ಆದರೂ ತಡವಾಯಿತೆಂದು ಸುಮ್ಮನಿರಲು ಅದು ಕಾರಣವಲ್ಲ.

ತಿಂಗಳಿಗೊಮ್ಮೆ ಬಾಯಿ ನೋಡಿಕೊಳ್ಳಲು ಐದು ನಿಮಿಷ ಸಾಕು. ಬಾಯಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲಿದ್ದರೆ ತೆಗೆದಿಟ್ಟು, ಕನ್ನಡಿಯ ಮುಂದೆ ಮೊಬೈಲಿನ ಟಾರ್ಚ್ ಹಿಡಿದು ನಿಲ್ಲಬೇಕು. ಮೇಲ್ತುಟಿ ಎತ್ತಿ, ಕೆಳತುಟಿ ಮಡಚಿ ಒಳಮೈ ನೋಡುವುದು. ಬೆರಳು ಹಾಕಿ ಕೆನ್ನೆಯನ್ನು ಹೊರಗೆ ಎಳೆದು, ಹಿಂದಿನ ದವಡೆಹಲ್ಲಿನವರೆಗೂ, ಒಸಡಿನ ಸಂದಿಯ ತಳ ಕಾಣುವಂತೆ ನೋಡುವುದು. ನಾಲಿಗೆ ಚಾಚಿ, ಅದರ ತುದಿಯನ್ನು ಒಂದು ಬಟ್ಟೆಯಿಂದ ಹಿಡಿದು ಎಡಕ್ಕೆ ಬಲಕ್ಕೆ ಎಳೆದರೆ ಅಂಚುಗಳು ಪೂರ್ತಿ ಕಾಣುತ್ತವೆ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿದರೆ ಅದರ ಅಡಿ ಕಾಣುತ್ತದೆ. ತಲೆ ಹಿಂದಕ್ಕೆ ಚಾಚಿ ಅಂಗುಳ ನೋಡುವುದು. ಕೊನೆಗೆ ಎರಡೂ ಕೈಯಿಂದ ದವಡೆಯ ಕೆಳಗೆ, ಕತ್ತಿನ ಎರಡೂ ಬದಿ ಸವರಿ ಗಂಟು ಇದೆಯೇ ಎಂದು ತಡವುವುದು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗಟ್ಟಿಯಾಗಿ ಸಿಗುವ ಜಾಗವನ್ನು ಬಿಡಬಾರದು.

ಮೊದಲ ಸಲ ನೋಡಿಕೊಂಡವರು ಗಾಬರಿಯಾಗುವುದುಂಟು. ಕೆನ್ನೆಯ ಒಳಗೆ ಹಲ್ಲು ಕೂಡುವ ಮಟ್ಟದಲ್ಲಿ ಉದ್ದಕ್ಕೆ ಕಾಣುವ ಬಿಳಿ ಗೆರೆ, ತುಟಿ ಕೆನ್ನೆಗಳಲ್ಲಿರುವ ಸಾಸಿವೆಯಷ್ಟು ಹಳದಿ ಚುಕ್ಕೆಗಳು, ನಾಲಿಗೆಯ ಬುಡದಲ್ಲಿ ಸಾಲಾಗಿರುವ ದಪ್ಪ ಗುಳ್ಳೆಗಳು, ಅಂಗುಳದ ನಡುವಿನ ಎಲುಬಿನ ಉಬ್ಬು ಇವೆಲ್ಲ ಸಹಜ. ಒಂದೆರಡು ತಿಂಗಳು ನೋಡಿದರೆ ತನ್ನ ಬಾಯಿಯ ರೂಪ ಪರಿಚಯವಾಗಿ, ಹೊಸದಾಗಿ ಬಂದದ್ದು ತಾನೇ ಎದ್ದು ಕಾಣುತ್ತದೆ. ಎಡಗಡೆ ಇದ್ದು ಬಲಗಡೆ ಇಲ್ಲದಿರುವುದು ಯಾವಾಗಲೂ ಗಮನಿಸಬೇಕಾದ ಸಂಗತಿ.

ಗುರುತು ಕಂಡ ಮೇಲೂ ಕಾಲ ಕಳೆಯುವ ದಾರಿಗಳು ಬೇಕಾದಷ್ಟಿವೆ. ‘ಉಷ್ಣ ಆಗ್ಯದ, ಎರಡ ದಿನ ಮಜ್ಜಿಗಿ ಕುಡಿ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಮೆಡಿಕಲ್ ಅಂಗಡಿಯವರು ಬಿ ಕಾಂಪ್ಲೆಕ್ಸ್ ಗುಳಿಗೆ, ಹಚ್ಚಲು ಒಂದು ಮುಲಾಮು ಕೊಡುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು ಪಟ್ಟಿ, ಆಮೇಲೆ ನಾಟಿ ಔಷಧ. ಎರಡು ವಾರದೊಳಗೆ ಇದನ್ನೆಲ್ಲ ಮಾಡಿದರೆ ತಪ್ಪಿಲ್ಲ, ವಾರ ದಾಟಿ ತಿಂಗಳಾದ ಮೇಲೂ ಅದನ್ನೇ ಮುಂದುವರಿಸುವುದು ತಪ್ಪು. ಚೂಪಾದ ಹಲ್ಲು ತಾಗಿ ಆದ ಹುಣ್ಣು ಎನಿಸಿದರೆ ದಂತ ವೈದ್ಯರು ಆ ಹಲ್ಲಿನ ಚೂಪು ಉಜ್ಜಿ ತೆಗೆಯುತ್ತಾರೆ. ಆ ನಂತರವೂ ಎರಡು ವಾರದಲ್ಲಿ ಹುಣ್ಣು ಮಾಯದಿದ್ದರೆ ಮುಂದಿನ ಹೆಜ್ಜೆ ಬಯಾಪ್ಸಿ.

ಬಯಾಪ್ಸಿಯ ಹೆಸರು ಕೇಳಿ ಹಿಂದೆ ಸರಿಯುವವರು ಬಹಳ. ಚೂರಿ ತಾಗಿದರೆ ಗಡ್ಡೆ ಹರಡುತ್ತದೆ ಎಂಬ ಮಾತು ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಬಯಾಪ್ಸಿಯಿಂದ ಬಾಯಿ ಕ್ಯಾನ್ಸರ್ ಹರಡುವುದಿಲ್ಲ. ಹಲ್ಲು ಕೀಳುವಾಗ ಕೊಡುವಂಥದೇ ಮರಗಟ್ಟುವ ಸೂಜಿ ಕೊಟ್ಟು, ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂದೇ ಮನೆಗೆ ಹೋಗಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇದೊಂದೇ. ‘ಹರಡಿತು’ ಎಂದು ಜನ ತೋರಿಸುವ ಉದಾಹರಣೆಗಳಲ್ಲಿ ಹೆಚ್ಚಿನವು ಬಯಾಪ್ಸಿಗೆ ಮೊದಲೇ ಬೆಳೆದಿದ್ದ ಗಡ್ಡೆಗಳು.

ಕಣ್ಣಿನಿಂದ ನೋಡುವ ಈ ಸರಳ ತಪಾಸಣೆ ಜೀವ ಉಳಿಸುತ್ತದೆ ಎಂಬುದಕ್ಕೆ ಪಕ್ಕದ ರಾಜ್ಯದಲ್ಲೇ ಪುರಾವೆ ಇದೆ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 35 ವರ್ಷ ದಾಟಿದ ಸುಮಾರು 1.9 ಲಕ್ಷ ಜನರನ್ನು ಒಳಗೊಂಡ ಅಧ್ಯಯನ ಶುರುವಾಯಿತು. ಕೆಲವು ಪಂಚಾಯತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಉಳಿದವುಗಳಲ್ಲಿ ಮಾಮೂಲಿ ವ್ಯವಸ್ಥೆ ಇತ್ತು. ನೋಡಿದವರು ವೈದ್ಯರಲ್ಲ ಎಂಬುದು ಗಮನಾರ್ಹ. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ತಪಾಸಣೆ ನಡೆದ ಕಡೆ ಶೇ 34ರಷ್ಟು ಕಡಿಮೆ ಇತ್ತು.

ಅಂಥದೇ ತಪಾಸಣೆ ಈಗ ಸರ್ಕಾರದ ಕಾರ್ಯಕ್ರಮದಲ್ಲಿ ಸೇರಿದೆ. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ಫಾರ್ಮಿನಲ್ಲಿ ಬಿಪಿ, ಶುಗರ್ ಜೊತೆಗೆ ವಾಸಿಯಾಗದ ಬಾಯಿ ಹುಣ್ಣು, ಬಾಯಿ ತೆರೆಯಲು ಕಷ್ಟ, ಧ್ವನಿಯ ಬದಲಾವಣೆಯ ಪ್ರಶ್ನೆಗಳೂ ಇರುತ್ತವೆ. ಅದಕ್ಕೆ ಬಾಗಿಲಲ್ಲೇ ನಿಂತು ‘ಏನೂ ಇಲ್ಲ’ ಎಂದು ಕಳಿಸುವುದು ಸಾಮಾನ್ಯ. ಮಾವ, ಅತ್ತೆಯ ಎದುರು ಮಿಶ್ರಿಯ ವಿಷಯ ಹೇಳಲು ಸೊಸೆಗೆ ಸಂಕೋಚ, ಮಗನ ಪ್ಯಾಕೆಟ್ಟಿನ ವಿಷಯ ತಾಯಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಆ ಪ್ರಶ್ನೆಗಳನ್ನು ಒಬ್ಬೊಬ್ಬರನ್ನೇ ಕರೆದು ಕೇಳುವುದು ಮೇಲು. ಅನುಮಾನ ಬಂದರೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಚಿಟಗುಪ್ಪ ಅಥವಾ ಹುಮನಾಬಾದಿನ ಸರ್ಕಾರಿ ಆಸ್ಪತ್ರೆ, ಮುಂದೆ ಬೀದರಿನ ಬ್ರಿಮ್ಸ್ ಆಸ್ಪತ್ರೆ. ಬೀದರಿನಲ್ಲಿ ದಂತ ವೈದ್ಯಕೀಯ ಕಾಲೇಜೂ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಈ ಭಾಗದ ಜನ ಹೈದರಾಬಾದಿನ ಎಂಎನ್‌ಜೆ ಆಸ್ಪತ್ರೆಗೂ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆಗೂ ಹೋಗುವುದುಂಟು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಹೊರರಾಜ್ಯಕ್ಕೆ ಹೊರಡುವ ಮೊದಲು ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಂಡು ಹೋಗುವುದು ಒಳ್ಳೆಯದು.

ಬೇಗ ಸಿಕ್ಕ ಗಡ್ಡೆಗೂ ತಡವಾಗಿ ಸಿಕ್ಕ ಗಡ್ಡೆಗೂ ಚಿಕಿತ್ಸೆಯೇ ಬೇರೆ. ಎರಡು ಸೆಂಟಿಮೀಟರಿನೊಳಗಿನ, ಆಳಕ್ಕಿಳಿಯದ ಗಡ್ಡೆಯನ್ನು ಹೆಚ್ಚಿನವರಲ್ಲಿ ಶಸ್ತ್ರಚಿಕಿತ್ಸೆಯೊಂದರಿಂದಲೇ ತೆಗೆಯಬಹುದು, ಮಾತು ಊಟ ಬಹುಮಟ್ಟಿಗೆ ಮೊದಲಿನಂತೆ ಉಳಿಯುತ್ತವೆ. ಮುಂದುವರಿದರೆ ದವಡೆಯ ಎಲುಬು, ಕೆನ್ನೆಯ ಚರ್ಮ ತೆಗೆಯಬೇಕಾಗಬಹುದು, ಜೊತೆಗೆ ರೇಡಿಯೇಶನ್, ಕಿಮೋ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿ’ಕ್ರೂಜ್ ನೇತೃತ್ವದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಆರಂಭಿಕ ಹಂತದ ರೋಗಿಗಳ ಕುರಿತದ್ದು. ಬಾಯಿಯ ಗಡ್ಡೆಯ ಜೊತೆಗೇ, ಗಂಟು ಕಾಣದಿದ್ದರೂ, ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದವರಲ್ಲಿ ಶೇ 80ರಷ್ಟು ಜನ ಮೂರು ವರ್ಷದ ನಂತರ ಬದುಕಿದ್ದರು. ಗಂಟು ಕಂಡ ಮೇಲೆ ತೆಗೆದರಾಯಿತು ಎಂದು ಕಾದ ಗುಂಪಿನಲ್ಲಿ ಈ ಪ್ರಮಾಣ ಶೇ 67.5. ಬಾಯಿಯ ಸಣ್ಣ ಗಡ್ಡೆಗೆ ಕುತ್ತಿಗೆಯನ್ನೇಕೆ ಕೊಯ್ಯುತ್ತಾರೆ ಎಂದು ಅನುಮಾನಿಸುವ ಮನೆಯವರಿಗೆ ವೈದ್ಯರು ಕೊಡುವ ಉತ್ತರ ಇದೇ.

ಮಚ್ಚೆ ಕಂಡವರು, ಬಾಯಿ ಬಿಗಿದವರು, ಚಿಕಿತ್ಸೆ ಮುಗಿಸಿದವರು ಮೂವರೂ ತಂಬಾಕು ಮತ್ತು ಅಡಿಕೆ ಎರಡನ್ನೂ ಬಿಡಬೇಕು. ಚಿಕಿತ್ಸೆಯ ನಂತರವೂ ಚಟ ಮುಂದುವರಿಸಿದವರಿಗೆ ಅದೇ ಬಾಯಿಯ ಇನ್ನೊಂದು ಕಡೆ ಹೊಸ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ತಲೆನೋವು, ನಿದ್ದೆಗೇಡು ಇರುತ್ತವೆ, ಎರಡು ಮೂರು ವಾರದಲ್ಲಿ ಇಳಿಯುತ್ತವೆ. ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.